ಸದ್ದು ಎಲ್ಲಿಂದ ಬರುತ್ತದೆ?

(ದತ್ತಿ ಉಪನ್ಯಾಸದ ಪಠ್ಯ)



ರೋಲ್ಸ್-ರಾಯ್ಸ್ ಕಾರಿನ ಬಗ್ಗೆ ನಾನು ಮಾತಾಡುತ್ತೇನೆಂದು ಆಹ್ವಾನಪತ್ರಿಕೆಯಲ್ಲಿ ಅಚ್ಚಾದ ದಿನದಿಂದ ಸಿಕ್ಕವರೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದಾರೆ. "ಆ ಕಸದ ಗಾಡಿ ಕಥೆ ನಿಜವಾ ಸಾರ್?" ಲಂಡನ್ನಿನ ಶೋರೂಮಿನಲ್ಲಿ ಅವಮಾನವಾಯಿತೆಂದು ನಮ್ಮ ರಾಜನೊಬ್ಬ ಅಷ್ಟೂ ಕಾರು ಕೊಂಡು ತಂದು, ಮುಂದೆ ಪೊರಕೆ ಕಟ್ಟಿಸಿ ಬೀದಿ ಗುಡಿಸಲು ಬಿಟ್ಟನಂತೆ. ಒಬ್ಬರು ಅಲ್ವರಿನ ರಾಜ ಎನ್ನುತ್ತಾರೆ, ಇನ್ನೊಬ್ಬರು ಭರತಪುರದವನು ಎನ್ನುತ್ತಾರೆ, ಮತ್ತೊಬ್ಬರು ಹೈದರಾಬಾದಿನ ನಿಜಾಮನೇ ಎಂದು ಆಣೆ ಇಡುತ್ತಾರೆ. ಊರಿಂದ ಊರಿಗೆ ನಾಯಕನ ಹೆಸರು ಬದಲಾಗುವ ಕಥೆಯನ್ನು ನಾನಂತೂ ನಂಬುವವನಲ್ಲ. ಅದಿರಲಿ. ಇವತ್ತು ನಾನು ರಾಜರ ಬಗ್ಗೆ ಮಾತಾಡಲು ಬಂದಿಲ್ಲ. ಅವರು ಕೂರುತ್ತಿದ್ದ ಸೀಟಿನ ಕೆಳಗೆ ಏನಿತ್ತು ಎನ್ನುವುದಷ್ಟೇ ನನ್ನ ವಿಷಯ.

ಈ ದತ್ತಿ ಯಾರ ನೆನಪಿನಲ್ಲಿದೆಯೋ ಅವರು ಜೀವನವಿಡೀ ಫಿಟ್ಟರ್ ಕೆಲಸ ಮಾಡಿದವರು. ಹಾಗಾಗಿ ಈ ವೇದಿಕೆಯಲ್ಲಿ ನಟ್ಟು-ಬೋಲ್ಟಿನ ಮಾತಾಡಲು ನನಗೆ ಸಂಕೋಚವಿಲ್ಲ. ನಾನು ಕಾಲೇಜು ಮೆಟ್ಟಿಲು ಹತ್ತುವ ಮುಂಚೆ ಒಂದು ಬೇಸಿಗೆ ರಜೆ ಗ್ಯಾರೇಜಿನಲ್ಲಿ ಕಳೆದಿದ್ದೆ. ಅಲ್ಲಿನ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಕೆಯನ್ನು ಕಿವಿಗೆ ಆನಿಸಿ, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು ಎದೆ ಪರೀಕ್ಷೆ ಮಾಡಿದ ಹಾಗೆ. "ಟ್ಯಾಪೆಟ್ಟು," "ಬಿಗ್ ಎಂಡು," "ಹಬ್ಬಲ್ಲಿ ಬೇರಿಂಗ್ ಹೋಗಿದೆ" ಎಂದು ತೀರ್ಪು ಕೊಡುತ್ತಿದ್ದರು. ಒಂದು ದಿನ ನಾನು "ಈ ಗಾಡಿ ಯಾಕೆ ಇಷ್ಟು ಸದ್ದು ಮಾಡುತ್ತೆ?" ಎಂದು ಕೇಳಿದೆ. ಅವರೆಂದರು: "ಗಾಡಿ ಸದ್ದು ಮಾಡಲ್ಲ ಕಣೋ. ಸಂದಿ ಸದ್ದು ಮಾಡುತ್ತೆ."

ಮುಂದೆ ಓದಿದ ಯಾವ ಪಠ್ಯಪುಸ್ತಕದಲ್ಲೂ ಇಷ್ಟು ಚುಟುಕಾದ ವ್ಯಾಖ್ಯೆ ನನಗೆ ಸಿಗಲಿಲ್ಲ. ಈ ಕಾರನ್ನು ರೂಪಿಸಿದ ಮ್ಯಾಂಚೆಸ್ಟರಿನ ಹೆನ್ರಿ ರಾಯ್ಸ್ ಮತ್ತು ನಮ್ಮ ಮೇಸ್ತ್ರಿ ಭೇಟಿಯಾಗಿದ್ದರೆ ಭಾಷೆ ಬಾರದೆಯೂ ಒಬ್ಬರಿಗೊಬ್ಬರು ಅರ್ಥವಾಗುತ್ತಿದ್ದರು ಎಂದು ನನಗೆ ಆಗಾಗ ಅನ್ನಿಸುತ್ತದೆ.

ಇವತ್ತು ನಾನು ಆರಿಸಿಕೊಂಡಿರುವುದು 1906ರ ಕೊನೆಗೆ ಲಂಡನ್ನಿನ ಒಲಿಂಪಿಯಾ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ 40/50 ಅಶ್ವಶಕ್ತಿಯ ಮಾದರಿಯನ್ನು. ಲೋಕ ಅದನ್ನು ಸಿಲ್ವರ್ ಘೋಸ್ಟ್ ಎಂದು ಕರೆಯುತ್ತದೆ. ಐಷಾರಾಮಿ ಕಾರು ಎಂದ ಕೂಡಲೇ ನಮಗೆ ಕಾಣುವುದು ಚರ್ಮದ ಸೀಟು, ಹೊಳೆಯುವ ಮರ, ಬೆಳ್ಳಿಯ ಹಿಡಿಕೆ. ಆದರೆ ಈ ಕಾರನ್ನು ಮಾಡಿದ ಕಂಪನಿ ಸೀಟನ್ನೂ ಮಾಡುತ್ತಿರಲಿಲ್ಲ, ಬಾಗಿಲನ್ನೂ ಮಾಡುತ್ತಿರಲಿಲ್ಲ. ಎಂಜಿನ್, ಗೇರ್ ಬಾಕ್ಸ್, ಚೌಕಟ್ಟು, ಚಕ್ರ, ಮುಂದೆ ರೇಡಿಯೇಟರ್, ಇಷ್ಟನ್ನು 985 ಪೌಂಡಿಗೆ ಮಾರುತ್ತಿತ್ತು. ಆಗ ಪೌಂಡಿಗೆ ಹದಿನೈದು ರೂಪಾಯಿಯ ಲೆಕ್ಕ. ಅಂದರೆ ಹದಿನಾಲ್ಕೂಮುಕ್ಕಾಲು ಸಾವಿರ ರೂಪಾಯಿ ಎಣಿಸಿದ ಮೇಲೂ ಕೂರಲು ಜಾಗವಿಲ್ಲ! ಮೈ ಕಟ್ಟಿಸಲು ಬಾರ್ಕರ್, ಹೂಪರ್ ಮುಂತಾದ ಸಾರೋಟು ಕಟ್ಟುವವರ ಹತ್ತಿರ ಬೇರೆಯಾಗಿ ಹೋಗಬೇಕು. ಹಾಗಾದರೆ ಜನ ಅಷ್ಟು ದುಡ್ಡು ಕೊಟ್ಟು ಕೊಂಡದ್ದೇನು? ಸದ್ದಿಲ್ಲದಿರುವುದನ್ನು ಕೊಂಡರು ಎನ್ನುವುದು ನನ್ನ ಉತ್ತರ. ಸದ್ದಿಲ್ಲದಿರುವುದು ಮೇಲೆ ಹಚ್ಚುವ ಬಣ್ಣದಂಥದ್ದಲ್ಲ. ಒಳಗಿನ ಪ್ರತಿಯೊಂದು ಸಂದಿಯನ್ನೂ ಹುಡುಕಿ ಮುಚ್ಚಿದರೆ ಮಾತ್ರ ಬರುವಂಥದ್ದು.

ರಾಯ್ಸ್ ಹುಟ್ಟಿದ್ದು 1863ರಲ್ಲಿ, ಪೀಟರ್‌ಬರೋ ಹತ್ತಿರದ ಆಲ್ವಾಲ್ಟನ್ ಎಂಬ ಹಳ್ಳಿಯಲ್ಲಿ. ಬಡತನದ ಮನೆ. ತಂದೆ ಬೇಗ ತೀರಿಕೊಂಡ. ಹುಡುಗ ಪತ್ರಿಕೆ ಮಾರಿದ, ರೈಲ್ವೆ ಕಾರ್ಖಾನೆಯಲ್ಲಿ ಕೆಲಸ ಕಲಿಯಲು ಸೇರಿದ, ಹಣ ಸಾಲದೆ ಅದನ್ನೂ ಅರ್ಧಕ್ಕೆ ಬಿಟ್ಟ. 1884ರಲ್ಲಿ ಮ್ಯಾಂಚೆಸ್ಟರಿನ ಕುಕ್ ಸ್ಟ್ರೀಟಿನಲ್ಲಿ ಜೊತೆಗಾರನೊಬ್ಬನನ್ನು ಸೇರಿಸಿಕೊಂಡು ಸಣ್ಣ ಅಂಗಡಿ ತೆರೆದ. ಮೊದಮೊದಲು ವಿದ್ಯುತ್ ಗಂಟೆ, ಆಮೇಲೆ ಡೈನಮೋ, ಆಮೇಲೆ ಕ್ರೇನು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ. ಡೈನಮೋ ಮಾಡುವವನಿಗೆ ತಿರುಗುವ ವಸ್ತುವಿನ ಸಮತೋಲ ಕೈಗೆ ಹತ್ತಿರುತ್ತದೆ. ತೂಕ ಕೂದಲೆಳೆಯಷ್ಟು ಒಂದು ಕಡೆಗೆ ವಾಲಿದರೂ ಡೈನಮೋ ಗೊಣಗತೊಡಗುತ್ತದೆ. ಮುಂದೆ ಅವನು ಮೋಟಾರು ಕಾರಿಗೆ ಬಂದಾಗ, ಸೈಕಲ್ ರಿಪೇರಿಯಿಂದಲೋ ಸಾರೋಟಿನ ಕಸುಬಿನಿಂದಲೋ ಬಂದ ಬೇರೆಯವರ ಕಿವಿಗೆ ಬೀಳದ ಸದ್ದು ಅವನ ಕಿವಿಗೆ ಬಿತ್ತು.

1903ರಲ್ಲಿ ಆತ ಒಂದು ಹಳೆಯ ಡೆಕಾವಿಲ್ ಕಾರು ಕೊಂಡ. ಫ್ರಾನ್ಸಿನದು, ಎರಡು ಸಿಲಿಂಡರಿನದು, ಆ ಕಾಲಕ್ಕೆ ಕೆಟ್ಟದ್ದೇನಲ್ಲ. ರಾಯ್ಸ್ ಅದನ್ನು ಬಿಚ್ಚಿಟ್ಟ. ತಾನು ಇನ್ನೂ ಚೆನ್ನಾಗಿ ಮಾಡಬಲ್ಲೆ ಅನ್ನಿಸಿತು, ಮಾಡಿದ. 1904ರ ಏಪ್ರಿಲ್ 1ರಂದು ಅವನ ಮೊದಲ ಹತ್ತು ಅಶ್ವಶಕ್ತಿಯ ಕಾರು ಕುಕ್ ಸ್ಟ್ರೀಟಿನಿಂದ ಹೊರಟು ಸುಮಾರು 15 ಮೈಲಿ ದೂರದಲ್ಲಿದ್ದ ಅವನ ಮನೆ ಮುಟ್ಟಿತು. ಅದರಲ್ಲಿ ಹೊಸ ಆವಿಷ್ಕಾರ ಏನಿತ್ತು ಎಂದು ಕೇಳಿದರೆ, ಪ್ರಾಮಾಣಿಕ ಉತ್ತರ: ಬಹುಪಾಲು ಏನೂ ಇಲ್ಲ. ಡೆಕಾವಿಲ್‌ನಲ್ಲಿ ಇದ್ದದ್ದೇ ಇದರಲ್ಲೂ ಇತ್ತು, ಆದರೆ ಒಂದೊಂದು ಭಾಗವನ್ನೂ ತಿದ್ದಲಾಗಿತ್ತು. ರಾಯ್ಸ್‌ನನ್ನು ಮಹಾ ಸಂಶೋಧಕ ಎಂದು ಹೊಗಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಅವನದು ತಿದ್ದುವ ಕೈ. ಕವಿಗಿಂತ ಹೆಚ್ಚಾಗಿ ಒಳ್ಳೆಯ ಸಂಪಾದಕನಿಗೆ ಹೋಲಿಸಬಹುದಾದ ಮನುಷ್ಯ.

ಅದೇ ವರ್ಷದ ಮೇ 4ರಂದು ಮ್ಯಾಂಚೆಸ್ಟರಿನ ಮಿಡ್‌ಲ್ಯಾಂಡ್ ಹೋಟೆಲಿನಲ್ಲಿ ಅವನಿಗೆ ಚಾರ್ಲ್ಸ್ ರೋಲ್ಸ್ ಭೇಟಿಯಾದ. ಶ್ರೀಮಂತನ ಮಗ, ಕೇಂಬ್ರಿಜ್‌ನಲ್ಲಿ ಓದಿದವನು, ಲಂಡನ್ನಿನಲ್ಲಿ ಪರದೇಶದ ಕಾರು ತರಿಸಿ ಮಾರುತ್ತಿದ್ದವನು. ಈ ಭೇಟಿಯ ಬಗ್ಗೆ ಪುಟಗಟ್ಟಲೆ ಬರೆದವರಿದ್ದಾರೆ. ನಮಗೆ ಬೇಕಾದದ್ದು ಇಷ್ಟೇ, ಮಾಡುವವನಿಗೆ ಮಾರುವವನು ಸಿಕ್ಕ. 1910ರಲ್ಲಿ ರೋಲ್ಸ್ ವಿಮಾನಾಪಘಾತದಲ್ಲಿ ಸತ್ತ. ಈ ಜೋಡಿಯ ನಡುವಿನ ಅಡ್ಡಗೆರೆ ಎಂದು ಹೆಸರಾದ ಕ್ಲಾಡ್ ಜಾನ್ಸನ್ ಎಂಬ ಮೂರನೆಯವನೇ ಕಂಪನಿಯನ್ನು ನಡೆಸಿದ್ದು. ಅವನ ವಿಷಯಕ್ಕೆ ಮತ್ತೆ ಬರುತ್ತೇನೆ.

ಈಗ ಎಂಜಿನ್. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಎಂಜಿನಿಯರಿಂಗ್ ಓದದವರು ಬೇಸರಪಡಬಾರದು.

ನಾಲ್ಕು ಸಿಲಿಂಡರಿನ ಎಂಜಿನ್ ನೋಡಲು ಸಮತೋಲವಾಗಿಯೇ ಕಾಣುತ್ತದೆ. ಎರಡು ಪಿಸ್ಟನ್ ಮೇಲೆ ಹೋದರೆ ಎರಡು ಕೆಳಗೆ ಬರುತ್ತವೆ. ತಕ್ಕಡಿಯ ಎರಡು ತಟ್ಟೆ ಇದ್ದ ಹಾಗೆ. ಆದರೆ ಕನೆಕ್ಟಿಂಗ್ ರಾಡ್ ನೆಟ್ಟಗೆ ಮೇಲೆ ಕೆಳಗೆ ಹೋಗುವುದಿಲ್ಲ, ಓರೆಯಾಗಿ ತೂಗುತ್ತದೆ. ಆ ಓರೆಯಿಂದಾಗಿ ಪಿಸ್ಟನ್ ತನ್ನ ದಾರಿಯ ಮೇಲರ್ಧವನ್ನು ಕೆಳಗಿನ ಅರ್ಧಕ್ಕಿಂತ ವೇಗವಾಗಿ ದಾಟುತ್ತದೆ. ಮೇಲಿನ ಎರಡರ ಲೆಕ್ಕ ಕೆಳಗಿನ ಎರಡರ ಲೆಕ್ಕಕ್ಕೆ ಸರಿಹೊಂದುವುದಿಲ್ಲ. ಉಳಿದ ಬಾಕಿ ಎಂಜಿನ್ ಒಂದು ಸುತ್ತು ಸುತ್ತುವಷ್ಟರಲ್ಲಿ ಎರಡು ಸಲ ಕುಲುಕಿ ತೀರುತ್ತದೆ. ಅಂಬಾಸಿಡರಿನ ಗೇರ್ ಲಿವರ್ ನಿಂತಲ್ಲೇ ನಡುಗುತ್ತಿದ್ದುದನ್ನು ನೋಡಿದವರು ಇಲ್ಲಿ ಬೇಕಾದಷ್ಟು ಜನ ಇದ್ದೀರಿ. ಒಂದೇ ಸಾಲಿನಲ್ಲಿ ಆರು ಸಿಲಿಂಡರ್ ಇಟ್ಟು, ಒಂದನೆಯದು ಆರನೆಯದರ ಜೊತೆ, ಎರಡನೆಯದು ಐದನೆಯದರ ಜೊತೆ, ಮೂರನೆಯದು ನಾಲ್ಕನೆಯದರ ಜೊತೆ ಏರಿಳಿಯುವಂತೆ ಮಾಡಿದರೆ ಈ ಬಾಕಿ ಪೂರ್ತಿ ಚುಕ್ತಾ ಆಗುತ್ತದೆ. ಮೂರರ ಒಂದು ಗುಂಪು, ಅದರ ಎದುರಿಗೆ ಕನ್ನಡಿಯಲ್ಲಿ ಕಂಡಂಥ ಮೂರರ ಇನ್ನೊಂದು ಗುಂಪು. ಕಾಗದದ ಮೇಲೆ ಇಷ್ಟು ಸೊಗಸಾಗಿ ಸಮತೋಲಗೊಳ್ಳುವ ಎಂಜಿನ್ ವಿನ್ಯಾಸಗಳು ವಿರಳ.

ಆದರೆ ಕಬ್ಬಿಣಕ್ಕೆ ಬಂದಾಗ ಆರು ಸಿಲಿಂಡರ್ ಬೇರೆ ರೋಗ ತಂದಿತು. ಆರು ಸಿಲಿಂಡರಿಗೆ ಕ್ರ್ಯಾಂಕ್ ಶಾಫ್ಟ್ ಉದ್ದವಾಗುತ್ತದೆ. ಒದ್ದೆ ಪಂಚೆಯನ್ನು ಇಬ್ಬರು ಎರಡು ತುದಿ ಹಿಡಿದು ಹಿಂಡುವುದನ್ನು ನೆನಪಿಸಿಕೊಳ್ಳಿ. ಪ್ರತಿ ಸಿಲಿಂಡರಿನಲ್ಲಿ ಪೆಟ್ರೋಲು ಉರಿದಾಗಲೂ ಆ ಉದ್ದನೆಯ ಉಕ್ಕಿನ ಶಾಫ್ಟು ಒಂದಿಷ್ಟು ಹಿಂಡಿಕೊಂಡು ಮತ್ತೆ ಬಿಚ್ಚಿಕೊಳ್ಳುತ್ತದೆ. ಹಿಂಡಿ ಬಿಚ್ಚುವ ಲಯಕ್ಕೂ ಉರಿಯುವ ಲಯಕ್ಕೂ ತಾಳ ಕೂಡಿಬಿಟ್ಟರೆ, ಜೋಕಾಲಿಯನ್ನು ಸರಿಯಾದ ಹೊತ್ತಿಗೆ ತಳ್ಳಿದ ಹಾಗೆ, ಅಲುಗಾಟ ಏರುತ್ತಲೇ ಹೋಗುತ್ತದೆ. ಆಗ ಗಡಗಡ ಸದ್ದು, ಕೊನೆಗೆ ಶಾಫ್ಟೇ ತುಂಡು. ಆರು ಸಿಲಿಂಡರನ್ನು ಇಂಗ್ಲೆಂಡಿನಲ್ಲಿ ಮೊದಲು ಗೆಲ್ಲಿಸಿದ ನೇಪಿಯರ್ ಕಾರಿನಲ್ಲೂ ಈ ಗಡಗಡ ಇತ್ತು. ಅದನ್ನು ಮಾರುತ್ತಿದ್ದ ಎಸ್.ಎಫ್. ಎಡ್ಜ್ ಬಲು ಚತುರ. ಅದು ದೋಷವಲ್ಲ, ಎಂಜಿನ್ನಿನ ಬಲದ ಸದ್ದು ಎಂದು ಅದಕ್ಕೊಂದು ಹೆಸರನ್ನೇ ಇಟ್ಟು ಗಿರಾಕಿಗಳಿಗೆ ಒಪ್ಪಿಸಿದ. ರಾಯ್ಸ್‌ನ ಮೊದಲ ಆರು ಸಿಲಿಂಡರಿನ 30 ಅಶ್ವಶಕ್ತಿಯ ಕಾರಿಗೂ ಇದೇ ಕಾಯಿಲೆ, ಅದರ ಶಾಫ್ಟುಗಳೂ ಮುರಿದವು. ಆದರೆ ಇವನಿಗೆ ರೋಗಕ್ಕೆ ಹೆಸರಿಟ್ಟು ಮಾರುವ ಕಲೆ ಗೊತ್ತಿರಲಿಲ್ಲ. ಕೂತು ತಿದ್ದಿದ.

40/50ರಲ್ಲಿ ಕ್ರ್ಯಾಂಕ್ ಶಾಫ್ಟನ್ನು ದಪ್ಪಗೆ, ಗಟ್ಟಿಯಾಗಿ ಮಾಡಿದ; ಹಿಂಡಿದರೂ ಹಿಂಡಿಕೊಳ್ಳದಷ್ಟು. ಏಳು ಬೇರಿಂಗುಗಳ ಮೇಲೆ ಅದನ್ನು ಕೂರಿಸಿದ, ಪ್ರತಿ ಸಿಲಿಂಡರಿನ ಎರಡೂ ಮಗ್ಗುಲಿಗೆ ಒಂದೊಂದು ಆಸರೆ. ಶಾಫ್ಟಿನ ಒಳಗೇ ರಂಧ್ರ ಕೊರೆದು, ಒತ್ತಡದಿಂದ ಎಣ್ಣೆ ಬೇರಿಂಗುಗಳಿಗೆ ತಲುಪುವಂತೆ ಮಾಡಿದ. ಬೇರೆಯವರ ಎಂಜಿನ್‌ಗಳಲ್ಲಿ ಎಣ್ಣೆ ತೊಟ್ಟಿಕ್ಕಿಯೋ ಎರಚಿಯೋ ಹೋಗಿ ಬಿದ್ದಲ್ಲಿ ಬೀಳುತ್ತಿದ್ದ ಕಾಲ ಅದು. ಸಿಲಿಂಡರುಗಳನ್ನು ಮೂರು ಮೂರರ ಎರಡು ಅಚ್ಚಾಗಿ ಎರಕ ಹೊಯ್ಸಿದ. ಮುಂದೆ ಶಾಫ್ಟಿನ ಮುಂತುದಿಗೆ ಉಜ್ಜುವಿಕೆಯಿಂದಲೇ ತಿರುಗುವ ಪುಟ್ಟ ಚಕ್ರವೊಂದನ್ನು ಸೇರಿಸಿದರು. ಶಾಫ್ಟು ಅಲುಗಿದರೆ ಈ ಚಕ್ರ ಜಾರುತ್ತದೆ, ಜಾರುತ್ತಾ ಅಲುಗಾಟವನ್ನು ಬಿಸಿಯಾಗಿ ಕರಗಿಸುತ್ತದೆ. ಅದೇ ವರ್ಷಗಳಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ ಎಂಬ ಮತ್ತೊಬ್ಬ ಬ್ರಿಟಿಷ್ ಎಂಜಿನಿಯರ್ ಈ ಉಪಾಯಕ್ಕೆ ಪೇಟೆಂಟ್ ಪಡೆದ. ಬುದ್ಧಿಯಲ್ಲಿ ಲ್ಯಾಂಚೆಸ್ಟರನೇ ದೊಡ್ಡವನು ಎಂದು ನನ್ನ ಅಭಿಪ್ರಾಯ. ಅವನ ಕಾರುಗಳನ್ನು ಇವತ್ತು ನೆನೆಯುವವರು ಕಡಿಮೆ.

ಎಂಜಿನ್ನಿನ ಗಾತ್ರ 7036 ಸಿ.ಸಿ. ನಮ್ಮ ಅಂಬಾಸಿಡರಿನ 1489 ಸಿ.ಸಿ.ಯ ನಾಲ್ಕೂವರೆ ಪಟ್ಟಿಗಿಂತ ಹೆಚ್ಚು. ಅದರಿಂದ ತೆಗೆದ ಶಕ್ತಿ ಸುಮಾರು 48 ಅಶ್ವಶಕ್ತಿ, ಅದೂ ನಿಮಿಷಕ್ಕೆ ಸಾವಿರದ ಇನ್ನೂರು ಚಿಲ್ಲರೆ ಸುತ್ತಿನಲ್ಲಿ. ಈಗಿನ ಹುಡುಗರು ನಗುತ್ತಾರೆ, ಇಷ್ಟು ದೊಡ್ಡ ಹೊಟ್ಟೆಗೆ ಇಷ್ಟೇನಾ ಎಂದು. ಆನೆಯನ್ನು ಓಡಿಸಬಾರದು, ನಡೆಸಬೇಕು. ನಡೆಯುವಾಗ ಆನೆಯ ಹೆಜ್ಜೆಯೂ ಕೇಳಿಸುವುದಿಲ್ಲ.

ಬೋಲ್ಟಿನ ವಿಷಯ ಹೇಳದೆ ಮುಂದೆ ಹೋದರೆ ಈ ದತ್ತಿಯ ಫಿಟ್ಟರು ನನ್ನನ್ನು ಕ್ಷಮಿಸಲಾರರು. ಚೌಕಟ್ಟಿನ ಉಕ್ಕಿನ ಪಟ್ಟಿಗಳನ್ನು ಆಗ ಎಲ್ಲರೂ ರಿವೆಟ್ ಬಡಿದು ಸೇರಿಸುತ್ತಿದ್ದರು. ಕಾಯಿಸಿದ ರಿವೆಟ್ಟು ಆರಿದಾಗ ಕುಗ್ಗುತ್ತದೆ, ರಂಧ್ರ ಪೂರ್ತಿ ತುಂಬುವುದಿಲ್ಲ. ಉಳಿಯಿತಲ್ಲ ಸಂದಿ! ಒರಟು ರಸ್ತೆಯಲ್ಲಿ ಆ ಸಂದಿ ಬೆಳೆಯುತ್ತದೆ, ಕಿರುಗುಟ್ಟುತ್ತದೆ. ರಾಯ್ಸ್ ರಂಧ್ರಗಳನ್ನು ಮೊನಚಿಗೆ ಇಳಿಯುವ ಆಕಾರದಲ್ಲಿ ರೀಮರ್ ಹಾಕಿ ನಯಗೊಳಿಸಿ, ಅದೇ ಇಳಿಜಾರಿನ ಬೋಲ್ಟುಗಳನ್ನು ಕೂರಿಸಿದ. ಬಾಟಲಿಗೆ ಬಿರಡೆ ಕೂತ ಹಾಗೆ, ಬಿಗಿಸಿದಷ್ಟೂ ಬಿಗಿ. ಒಂದೊಂದನ್ನೂ ಕೈಯಲ್ಲಿ ಕೂರಿಸಬೇಕು, ಖರ್ಚು ಎಷ್ಟಾಗಿರಬೇಡ! ಕೊಂಡವನಾದರೋ ಜೀವಮಾನದಲ್ಲಿ ಒಮ್ಮೆಯೂ ಕಾರಿನ ಕೆಳಗೆ ತೂರಿ ಆ ಬೋಲ್ಟನ್ನು ನೋಡುವವನಲ್ಲ.

ಓಡಿಸುವ ಕಡೆಯೂ ಇದೇ ಜಾಗ್ರತೆ. ಸ್ಟಿಯರಿಂಗ್ ಚಕ್ರದ ಮೇಲೆ ಪುಟ್ಟ ಸನ್ನೆಗೋಲುಗಳು: ಒಂದು ಕಿಡಿ ಬೇಗ ಹಾರಬೇಕೋ ತಡವಾಗಿಯೋ ಎಂಬುದಕ್ಕೆ, ಇನ್ನೊಂದು ಗವರ್ನರಿಗೆ. ಗವರ್ನರ್ ಎಂದರೆ ಎಂಜಿನ್ ವೇಗ ಏರಿದರೆ ದೂರ ಸರಿಯುವ, ಇಳಿದರೆ ಹತ್ತಿರ ಬರುವ ತಿರುಗುಗುಂಡುಗಳ ಸಾಧನ. ವೇಗವನ್ನು ಒಂದೆಡೆ ನಿಲ್ಲಿಸಿದರೆ ತಾನೇ ಕಾಯ್ದುಕೊಳ್ಳುತ್ತದೆ. ಇವತ್ತು ಹೆದ್ದಾರಿಯಲ್ಲಿ ಕ್ರೂಸ್ ಕಂಟ್ರೋಲ್ ಒತ್ತುವವರು ಅದರ ಮುತ್ತಜ್ಜನನ್ನು ಇಲ್ಲಿ ಕಾಣಬಹುದು. ಸೆಲ್ಫ್ ಸ್ಟಾರ್ಟರ್ ಬಂದದ್ದು ಮೊದಲ ಮಹಾಯುದ್ಧ ಮುಗಿದ ಮೇಲೆ. ಅಲ್ಲಿಯವರೆಗೆ ಮುಂದೆ ನಿಂತು ಹ್ಯಾಂಡಲ್ ಹೊಡೆಯಬೇಕಿತ್ತು. ಆದರೆ ಬಿಸಿ ಇದ್ದ ಎಂಜಿನ್ನಿಗೆ ಹಲವು ಸಲ ಹ್ಯಾಂಡಲ್ಲೇ ಬೇಕಾಗುತ್ತಿರಲಿಲ್ಲ. ಆರು ಸಿಲಿಂಡರಿನಲ್ಲಿ ಒಂದಾದರೂ ಕೆಲಸದ ಘಟ್ಟದಲ್ಲಿ ನಿಂತಿರುತ್ತದೆ. ಅದರೊಳಗೆ ಪೆಟ್ರೋಲಿನ ಆವಿ ಉಳಿದಿದ್ದರೆ, ಕಿಡಿಯ ಸನ್ನೆಗೋಲನ್ನು ಸುಮ್ಮನೆ ಸರಿಸಿದರೆ ಸಾಕು, ಎಂಜಿನ್ ಎದ್ದು ಕೂರುತ್ತದೆ. ಒಳಗಿನ ಬಿಗಿ ಎಷ್ಟು ಚೆನ್ನಾಗಿದ್ದಿರಬೇಕು, ಯೋಚಿಸಿ.

ಈಗ ಕ್ಲಾಡ್ ಜಾನ್ಸನ್. 40/50ರ ಹನ್ನೆರಡನೆಯ ಚೌಕಟ್ಟನ್ನು ಅವನು 1907ರಲ್ಲಿ ಪ್ರಚಾರಕ್ಕೆ ತೆಗೆದಿರಿಸಿದ. ಬಾರ್ಕರ್ ಕಂಪನಿಯಿಂದ ತೆರೆದ ಮೈ ಕಟ್ಟಿಸಿ, ಅಲ್ಯುಮಿನಿಯಂ ಬಣ್ಣ ಬಳಿಸಿ, ಹಿಡಿಕೆ ದೀಪಗಳಿಗೆ ಬೆಳ್ಳಿ ಲೇಪ ಕೊಡಿಸಿ, 'ಸಿಲ್ವರ್ ಘೋಸ್ಟ್' ಎಂದು ಹೆಸರು ಕೆತ್ತಿಸಿದ. ನೋಂದಣಿ ಸಂಖ್ಯೆ ಎಎಕ್ಸ್ 201. ಹೆಸರು ಆ ಒಂದು ಕಾರಿನದು ಮಾತ್ರ. ಮಿಕ್ಕವೆಲ್ಲ ಕಂಪನಿಯ ಕಡತದಲ್ಲಿ ಬರೀ 40/50. 1925ರಲ್ಲಿ ಹೊಸ ಮಾದರಿ ಬಂದು ಹಳೆಯದನ್ನು ಬೇರೆ ಮಾಡಿ ಕರೆಯಬೇಕಾಗಿ ಬಂದಾಗಲೇ ಎಲ್ಲವೂ ಸಿಲ್ವರ್ ಘೋಸ್ಟ್ ಆದದ್ದು.

ಆ ಬೆಳ್ಳಿಯ ಕಾರನ್ನು ಲಂಡನ್ ಮತ್ತು ಗ್ಲಾಸ್ಗೋ ನಡುವೆ ಹಗಲೂ ರಾತ್ರಿ ಓಡಿಸಿದರು, ಭಾನುವಾರ ಮಾತ್ರ ಬಿಡುವು. ಮೋಟಾರು ಕ್ಲಬ್ಬಿನ ವೀಕ್ಷಕರು ಜೊತೆಗೆ. ಒಟ್ಟು 15,000 ಮೈಲಿ, ಅಂದರೆ 24 ಸಾವಿರ ಕಿಲೋಮೀಟರು. ಅದರಲ್ಲಿ ತಾನಾಗಿ ನಿಂತುಬಿಟ್ಟದ್ದು ಒಂದೇ ಸಲ, 629ನೇ ಮೈಲಿಯಲ್ಲಿ. ಪೆಟ್ರೋಲಿನ ನಲ್ಲಿ ಅಲುಗಾಡಿ ತಾನೇ ಮುಚ್ಚಿಕೊಂಡಿತ್ತು. ನೋಡಿ, ಅಲ್ಲೂ ಒಂದು ಸಡಿಲ! ಆಮೇಲೆ 14,371 ಮೈಲಿ, ಟಯರಿನ ಕಾಟ ಬಿಟ್ಟರೆ, ಎಲ್ಲೂ ಕೈಕೊಡಲಿಲ್ಲ. ಮುಗಿದ ಮೇಲೆ ಜಾನ್ಸನ್ ಬಹಳ ಧೈರ್ಯದ ಕೆಲಸ ಮಾಡಿದ: ಇಡೀ ಕಾರನ್ನು ಬಿಚ್ಚಿ, ಸವೆದದ್ದನ್ನೆಲ್ಲ ಅಳೆದು ಪಟ್ಟಿ ಮಾಡಿ ಎಂದು ಕ್ಲಬ್ಬಿನವರಿಗೇ ಒಪ್ಪಿಸಿದ. ಹೊಸದರಂತೆ ಮಾಡಲು ಬೇಕಾದ ಬಿಡಿಭಾಗಗಳ ಬೆಲೆ 2 ಪೌಂಡ್, 2 ಷಿಲಿಂಗ್, 7 ಪೆನ್ಸ್. ನಮ್ಮ ಲೆಕ್ಕದಲ್ಲಿ ಮೂವತ್ತೆರಡು ರೂಪಾಯಿ. ಜಾಹೀರಾತು ಬರೆಯುವವರು ಈ ಸಂಖ್ಯೆಯನ್ನು ಇವತ್ತಿಗೂ ಹೊಟ್ಟೆಕಿಚ್ಚಿನಿಂದ ನೋಡಬೇಕು.

ಇಲ್ಲಿಯವರೆಗೆ ನಾನು ಹೊಗಳಿದ್ದೇ ಹೆಚ್ಚಾಯಿತು. ಸದ್ದಡಗಿಸುವ ಹಟ ಹೇಗೆ ಎಡವಿಸಿತು ಎನ್ನುವುದನ್ನೂ ಹೇಳಬೇಕು. ಈ ಕಾರಿನ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗವೇ ಇದು.

ಮೊದಲ 40/50ಗಳಿಗೆ ನಾಲ್ಕು ಗೇರ್. ಮೂರನೆಯದು ನೇರ, ಎಂಜಿನ್ನಿನ ಶಕ್ತಿ ಹಲ್ಲುಗಳ ಮೂಲಕ ಹಾಯದೆ ಸೀದಾ ಹಿಂದಕ್ಕೆ ಹೋಗುತ್ತದೆ, ಆದ್ದರಿಂದ ಸದ್ದಿಲ್ಲ. ನಾಲ್ಕನೆಯದು ಸಮತಟ್ಟಾದ ರಸ್ತೆಯಲ್ಲಿ ಬೀಸುನಡಿಗೆಗೆ, ಈಗ ಓವರ್‌ಡ್ರೈವ್ ಎನ್ನುತ್ತೇವಲ್ಲ, ಅದು. ಅದರಲ್ಲಿ ಹಲ್ಲಿಗೆ ಹಲ್ಲು ಕಚ್ಚಿ ತಿರುಗಬೇಕು, ಆದ್ದರಿಂದ ತುಸು ಗುಂಯ್‌ಗುಡುತ್ತದೆ. ಗಿರಾಕಿಗಳು ಏನು ಮಾಡಿದರು? ಮೇಲಿನ ಗೇರಿದ್ದ ಮೇಲೆ ಅದರಲ್ಲೇ ಹೋಗಬೇಕು ಎಂದು ಊರೊಳಗೂ ಅದರಲ್ಲೇ ಓಡಿಸಿ, ಆಮೇಲೆ ಸದ್ದು ಸದ್ದು ಎಂದು ದೂರು ಹೇಳಿದರು. 1909ರಲ್ಲಿ ಕಂಪನಿ ಆ ಗೇರನ್ನೇ ಕಿತ್ತು ಹಾಕಿ, ಮೂರು ಗೇರಿನ ಕಾರು ಮಾಡಿತು. ಸದ್ದಿನ ದೂರು ನಿಂತಿತು. ಎಂಜಿನ್ನನ್ನು 7428 ಸಿ.ಸಿ.ಗೆ ಏರಿಸಿದ್ದರು ಬೇರೆ. 1911ರಲ್ಲಿ ಲಂಡನ್ನಿನಿಂದ ಎಡಿನ್‌ಬರೋಗೆ ಹೋಗಿ ಬರುವಷ್ಟೂ ದೂರ ಮೇಲಿನ ಒಂದೇ ಗೇರಿನಲ್ಲಿ ಓಡಿಸಿ ತೋರಿಸಿದರು. ಗೇರ್ ಬದಲಿಸುವುದೇ ಬೇಡವಾದ ಕಾರು! ಮೆಚ್ಚುಗೆಯ ಮಳೆ.

ಮರುವರ್ಷ ಆಲ್ಪ್ಸ್ ಪರ್ವತದ ಪರೀಕ್ಷಾ ಓಟ. ಜೇಮ್ಸ್ ರಾಡ್ಲಿ ಎಂಬವನು ತನ್ನ ಸ್ವಂತ ಮೂರು ಗೇರಿನ ಕಾರನ್ನು ತಂದಿದ್ದ. ಆಸ್ಟ್ರಿಯಾದ ಕಾಟ್ಶ್‌ಬರ್ಗ್ ಘಾಟಿಯ ಕಡಿದಾದ ಏರಿನಲ್ಲಿ ಲೋಕದ ಅತ್ಯುತ್ತಮ ಕಾರು ಉಸಿರು ಕಟ್ಟಿ ನಿಂತುಬಿಟ್ಟಿತು. ಜೊತೆಯವರನ್ನು ಕೆಳಗಿಳಿಸಿ ಭಾರ ಕಡಿಮೆ ಮಾಡಿದ ಮೇಲೆಯೇ ಹತ್ತಿದ್ದು. ಆಗುಂಬೆ ಘಾಟಿಯಲ್ಲಿ ಬಸ್ಸಿನಿಂದ ಇಳಿದು ನಡೆದವರಿಗೆ ಇದರ ಅವಮಾನ ಅರ್ಥವಾಗುತ್ತದೆ. ಮೊದಲ ಗೇರು ಆ ಏರಿಗೆ ಬೇಕಾದಷ್ಟು ತಗ್ಗಿನದಾಗಿರಲಿಲ್ಲ. ಮೇಲಿನದನ್ನು ಕಿತ್ತು ಮೂರೇ ಉಳಿಸಿಕೊಂಡವರಿಗೆ ಕೆಳಗಡೆ ಇನ್ನೊಂದು ಗೇರಿಗೆ ಜಾಗ ಎಲ್ಲಿ? ಡ್ರಾಯಿಂಗ್ ರೂಮಿನಂಥ ಮೌನಕ್ಕೆ ಮಾಡಿದ ತಿದ್ದುಪಡಿಯನ್ನು ಬೆಟ್ಟ ಬಯಲಿಗೆ ತಂದಿತು.

ಕಂಪನಿ ಸಬೂಬು ಹೇಳಲಿಲ್ಲ. ನಾಲ್ಕು ಗೇರಿನ ಹೊಸ ಪೆಟ್ಟಿಗೆ ಮಾಡಿತು, ಈ ಸಲ ಮೇಲಿನದೇ ನೇರದ ಗೇರು, ಕೆಳಗಿನದು ಘಾಟಿಗೆ. 1913ರಲ್ಲಿ ತನ್ನದೇ ತಂಡ ಕಟ್ಟಿಕೊಂಡು ಅದೇ ಆಲ್ಪ್ಸ್‌ಗೆ ಹೋಯಿತು. ಆ ಕಾರುಗಳು ಬೆಟ್ಟ ಹತ್ತಿದ ರೀತಿಯಿಂದಲೇ ಅವಕ್ಕೆ 'ಆಲ್ಪೈನ್ ಈಗಲ್' ಎಂಬ ಅಡ್ಡಹೆಸರು ಬಂತು. ಹಳೆಯ ಕಾರಿನ ಹುಚ್ಚಿರುವವರು ಇವತ್ತಿಗೂ ಎಲ್ಲಕ್ಕಿಂತ ಹೆಚ್ಚು ಹಂಬಲಿಸುವ ಸಿಲ್ವರ್ ಘೋಸ್ಟ್ ಇದೇ.

ಹೊರಗಿನ ರೂಪದ ಬಗ್ಗೆ ಎರಡು ಮಾತು. ಮೈ ಬೇರೆಯವರದಾದ್ದರಿಂದ ಕಂಪನಿಯ ಗುರುತೆಲ್ಲ ರೇಡಿಯೇಟರಿನಲ್ಲಿ. ಗ್ರೀಕ್ ಗುಡಿಯ ಮುಂಭಾಗದಂತೆ ಮೇಲೆ ಮುಕ್ಕೋನ, ಕೆಳಗೆ ಕಂಬಗಳು. ಅಗಲವಾದ ಹೊಳಪಿನ ತಗಡು ನಿಜಕ್ಕೂ ಚಪ್ಪಟೆಯಾಗಿದ್ದರೆ ಕಣ್ಣಿಗೆ ಒಳಗೆ ಕುಸಿದಂತೆ ಕಾಣುತ್ತದೆ. ಅದಕ್ಕೆ ಕೆಲಸಗಾರರು ಕಣ್ಣಳತೆಯಲ್ಲೇ ಅದನ್ನು ತುಸು ಉಬ್ಬಿಸುತ್ತಿದ್ದರು. ಅಥೆನ್ಸಿನ ಪಾರ್ಥೆನಾನ್ ಕಂಬಗಳ ಮೈಯಲ್ಲಿರುವ ಉಬ್ಬಿನ ಗುಟ್ಟೇ ಇಲ್ಲಿಯದೂ. ಮುಟ್ಟಿ ನೋಡಿದರೆ ಡೊಂಕು, ದೂರದಿಂದ ನೋಡಿದರೆ ನೇರ.

ರೇಡಿಯೇಟರಿನ ಮೇಲೆ ನಿಂತ ಹೆಣ್ಣಿನ ಬೊಂಬೆಯನ್ನು ಚಾರ್ಲ್ಸ್ ಸೈಕ್ಸ್ 1911ರಲ್ಲಿ ಮಾಡಿದ. ಅದಕ್ಕೂ ಮೊದಲು ಲಾರ್ಡ್ ಮಾಂಟೆಗ್ಯು ಎಂಬ ಗಿರಾಕಿಗಾಗಿ ಇದೇ ಸೈಕ್ಸ್ ಇನ್ನೊಂದು ಬೊಂಬೆ ಮಾಡಿಕೊಟ್ಟಿದ್ದ. ಅದರ ಹೆಸರು 'ಪಿಸುಮಾತು'. ತುಟಿಯ ಮೇಲೆ ಬೆರಳಿಟ್ಟು ನಿಂತ ಹೆಣ್ಣು. ಈ ಕಾರಿಗೆ ಆ ಬೊಂಬೆಯೇ ಹೆಚ್ಚು ಒಪ್ಪುತ್ತಿತ್ತು ಎಂದು ನಾನು ಹೇಳಿದರೆ ಸೈಕ್ಸ್ ಬೇಸರಿಸಲಾರ. ಎರಡಕ್ಕೂ ರೂಪದರ್ಶಿ ಎಂದು ಹೇಳಲಾಗುವ ಎಲೀನರ್ ಥಾರ್ನ್‌ಟನ್ ಮಾಂಟೆಗ್ಯುವಿನ ಕಾರ್ಯದರ್ಶಿ. 1915ರ ಕೊನೆಗೆ ಆತ ಭಾರತದ ಸೈನ್ಯದ ಮೋಟಾರು ವಾಹನಗಳ ಕೆಲಸಕ್ಕೆಂದು 'ಪರ್ಷಿಯಾ' ಹಡಗಿನಲ್ಲಿ ಇತ್ತ ಹೊರಟಾಗ ಆಕೆಯೂ ಜೊತೆಗಿದ್ದಳು. ಡಿಸೆಂಬರ್ 30ರಂದು ಕ್ರೀಟ್ ದ್ವೀಪದ ಹತ್ತಿರ ಜಲಾಂತರ್ಗಾಮಿಯೊಂದು ಹಡಗನ್ನು ಮುಳುಗಿಸಿತು. ಮಾಂಟೆಗ್ಯು ಬದುಕಿದ. ಆಕೆ ಉಳಿಯಲಿಲ್ಲ.

ಈ ಕಾರು ಭಾರತಕ್ಕೆ ಬಂದದ್ದು ಅರಮನೆಯ ದಾರಿಯಿಂದ ಎಂದು ನಾವು ಭಾವಿಸುತ್ತೇವೆ. ಅದಕ್ಕೂ ಮುಂಚೆ ಘಟ್ಟದ ದಾರಿಯಿಂದ ಬಂತು. 1908ರಲ್ಲಿ ಮುಂಬಯಿ-ಕೊಲ್ಹಾಪುರದ ನಡುವೆ ಸಹ್ಯಾದ್ರಿ ಹತ್ತಿಳಿಯುವ ಪರೀಕ್ಷಾ ಓಟದಲ್ಲಿ 'ಪರ್ಲ್ ಆಫ್ ದಿ ಈಸ್ಟ್' ಎಂಬ 40/50 ಗೆದ್ದಿತು. ನಿಪ್ಪಾಣಿಯವರು ಒಂದಿಷ್ಟು ದೂರ ನಡೆದಿದ್ದರೆ ಕಣ್ಣಾರೆ ನೋಡಬಹುದಿತ್ತು. ಗೆದ್ದ ಮೇಲೆ ಅದನ್ನು ಗ್ವಾಲಿಯರಿನ ಮಹಾರಾಜರು ಕೊಂಡರು. ಆಮೇಲೆ ರಾಜರ ಸಾಲು. ನಮ್ಮ ಮೈಸೂರಿನ ಅರಮನೆಯೂ ಆ ಸಾಲಿನಲ್ಲಿತ್ತು. ಒಂದೇ ಸಲಕ್ಕೆ ಹಲವು ಕಾರು ಕೊಳ್ಳುವುದನ್ನು ಕಂಪನಿಯಲ್ಲಿ 'ಮೈಸೂರು ಮಾಡುವುದು' ಎನ್ನುತ್ತಿದ್ದರಂತೆ. ಇದೂ ಕೇಳಿದ ಮಾತೇ, ಆದರೆ ಕಸದ ಗಾಡಿಗಿಂತ ಇದನ್ನು ನಂಬಲು ನನಗೆ ಇಷ್ಟ.

ಮೊದಲ ಮಹಾಯುದ್ಧದಲ್ಲಿ ಇದೇ ಚೌಕಟ್ಟಿನ ಮೇಲೆ ಉಕ್ಕಿನ ಕವಚ ಹೊದಿಸಿ, ಮೆಷಿನ್ ಗನ್ ಕೂರಿಸಿ, ಅರಬ್ಬರ ಮರಳುಗಾಡಿಗೆ ಕಳಿಸಿದರು. ಒಟ್ಟು ತೂಕ ನಾಲ್ಕು ಟನ್ನಿನ ಹತ್ತಿರ. ಬ್ರಿಟಿಷ್ ಸೇನಾಧಿಕಾರಿ ಟಿ.ಇ. ಲಾರೆನ್ಸ್‌ನ ದಾಳಿಗಳಲ್ಲಿ ಓಡಿದ್ದು ಇವೇ. ರೇಷ್ಮೆ ಸೀರೆಯ ಸದ್ದೂ ಕೇಳಬಾರದೆಂದು ಕೂರಿಸಿದ ಮೊನಚು ಬೋಲ್ಟುಗಳು ಅಲ್ಲಿ ಕವಚದ ಭಾರವನ್ನೂ ಹೊತ್ತವು.

ಇನ್ನು ರಾಯ್ಸ್‌ನ ಕುರುಡು ಜಾಗ. ಎರಡು ಟನ್ನಿನ ಕಾರನ್ನು ಹೊರಡಿಸಲು ಇಷ್ಟು ತಲೆ ಕೆಡಿಸಿಕೊಂಡವನು ನಿಲ್ಲಿಸಲು ಅಷ್ಟು ಕೆಡಿಸಿಕೊಳ್ಳಲಿಲ್ಲ. ಯುದ್ಧ ಮುಗಿದು ವರ್ಷಗಳಾದರೂ ಬ್ರೇಕು ಹಿಂದಿನ ಚಕ್ರಗಳಿಗೆ ಮಾತ್ರ. ಹಿಸ್ಪಾನೋ-ಸ್ವೀಜಾ ಎಂಬ ಎದುರಾಳಿ ಕಂಪನಿ 1919ರಲ್ಲೇ ನಾಲ್ಕೂ ಚಕ್ರಕ್ಕೆ ಬ್ರೇಕು, ಜೊತೆಗೆ ಕಾಲಿನ ಒತ್ತನ್ನು ಹೆಚ್ಚಿಸುವ ಸರ್ವೋ ಕೊಟ್ಟಿತ್ತು. ಸಿಲ್ವರ್ ಘೋಸ್ಟ್‌ಗೆ ಅದು ಬಂದದ್ದು ಅದರ ಕೊನೆಯ ಒಂದೆರಡು ವರ್ಷದಲ್ಲಿ. ಎರವಲು ತಂದದ್ದೇ ಆದರೂ ತಿದ್ದಿ ತಂದರು: ಗೇರ್ ಬಾಕ್ಸಿನಿಂದ ಮೆಲ್ಲಗೆ ತಿರುಗುವ ಒಂದು ತಟ್ಟೆ, ಪೆಡಲ್ ಒತ್ತಿದಾಗ ಅದನ್ನು ತಬ್ಬುವ ಇನ್ನೊಂದು ತಟ್ಟೆ, ಕಾರಿನ ಓಟವೇ ಕಾರನ್ನು ನಿಲ್ಲಿಸಲು ಬಲ ಕೊಡುತ್ತದೆ. ಈ ಏರ್ಪಾಡು ಎಷ್ಟು ಚೆನ್ನಾಗಿತ್ತೆಂದರೆ ಕಂಪನಿ ಅದನ್ನು ದಶಕಗಟ್ಟಲೆ ಬಿಡಲಿಲ್ಲ. ತಡವಾಗಿ ಕಲಿತದ್ದನ್ನು ನಲವತ್ತು ವರ್ಷ ಹಿಡಿದುಕೊಂಡು ಕೂತದ್ದು ಗುಣವೋ ದೋಷವೋ, ನೀವೇ ಹೇಳಿ.

1911ರಲ್ಲಿ ರಾಯ್ಸ್ ಕಾಯಿಲೆ ಬಿದ್ದ. ಆಮೇಲೆ ಕಾರ್ಖಾನೆಯಿಂದ ಅವನನ್ನು ದೂರವೇ ಇಟ್ಟರು. ಚಳಿಗಾಲ ಫ್ರಾನ್ಸಿನ ದಕ್ಷಿಣ ಕರಾವಳಿಯಲ್ಲಿ, ಬೇಸಿಗೆ ಇಂಗ್ಲೆಂಡಿನ ದಕ್ಷಿಣ ಕರಾವಳಿಯಲ್ಲಿ. ಅಲ್ಲಿಂದಲೇ ನಕ್ಷೆ, ಪತ್ರ, ತಿದ್ದುಪಡಿ. ಡರ್ಬಿಯ ಕಾರ್ಖಾನೆಯವರು ಭಾಗಗಳನ್ನು ಮಾಡಿ ಅವನಿರುವಲ್ಲಿಗೆ ಕಳಿಸುವುದು, ಅವನು ನೋಡಿ ಮುಟ್ಟಿ ತಪ್ಪು ಹಿಡಿದು ವಾಪಸ್ಸು ಕಳಿಸುವುದು. ವಿಮಾನದ ಎಂಜಿನ್ನುಗಳೂ ಹೀಗೇ ಹುಟ್ಟಿದವು. 1919ರಲ್ಲಿ ಆಲ್ಕಾಕ್ ಮತ್ತು ಬ್ರೌನ್ ಎಲ್ಲೂ ಇಳಿಯದೆ ಅಟ್ಲಾಂಟಿಕ್ ದಾಟಿದ್ದು ಅವನ ಎರಡು ಈಗಲ್ ಎಂಜಿನ್ನುಗಳ ಬಲದಿಂದ. ಆ ವಂಶದ ಒಂದು ಕೊಂಬೆ ನಮ್ಮ ಊರಿಗೂ ಚಾಚಿದೆ. ಬೆಂಗಳೂರಿನ ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ಜಾಗ್ವಾರ್ ಯುದ್ಧವಿಮಾನಕ್ಕೆ ಅಡೋರ್ ಎಂಜಿನ್ ಜೋಡಿಸಿದವರಲ್ಲಿ ನನ್ನ ಜೊತೆ ಓದಿದವರೂ ಇದ್ದರು. ಅದು ರೋಲ್ಸ್-ರಾಯ್ಸ್ ಮತ್ತು ಫ್ರಾನ್ಸಿನ ಟರ್ಬೊಮೆಕಾ ಸೇರಿ ರೂಪಿಸಿದ ಎಂಜಿನ್. ಜೆಟ್ ಎಂಜಿನ್ ಓಡುವಾಗ ಸದ್ದಿಲ್ಲ ಎಂದು ಯಾರೂ ಹೇಳಲಾರರು. ಆದರೆ ತಿರುಗುವ ಭಾಗಗಳ ಸಮತೋಲ ನೋಡುವ ಕೋಣೆಯಲ್ಲಿ ಮಾತಾಡಲೂ ಬಿಡುತ್ತಿರಲಿಲ್ಲ ಎಂದು ಅವರಲ್ಲೊಬ್ಬರು ಹೇಳುತ್ತಿದ್ದರು.

ರಾಯ್ಸ್ 1933ರ ಏಪ್ರಿಲ್ 22ರಂದು ತೀರಿಕೊಂಡ. ಸಾಯುವ ಹಿಂದಿನ ದಿನ ಹಾಸಿಗೆಯಲ್ಲೇ ಒಂದು ಲಕೋಟೆಯ ಹಿಂಬದಿಯ ಮೇಲೆ ಚಿತ್ರ ಬರೆದು, ಕಾರ್ಖಾನೆಗೆ ಕಳಿಸಿ ಎಂದು ದಾದಿಯ ಕೈಗೆ ಕೊಟ್ಟನೆಂದು ಅವನ ಬದುಕನ್ನು ಬರೆದವರು ಹೇಳುತ್ತಾರೆ. ಅದು ಬೇಕಾದಂತೆ ಬಿಗಿ ಸಡಿಲ ಮಾಡಿಕೊಳ್ಳಬಹುದಾದ ಒಂದು ಶಾಕ್ ಅಬ್ಸಾರ್ಬರಿನ ಚಿತ್ರ.

ಪ್ರಶ್ನೆಗಳಿದ್ದರೆ ಕೇಳಿ. ಕಸದ ಗಾಡಿಯದೊಂದು ಬೇಡ.